ಡಾರ್ವೆನ್ ಊರಿನ ಗಿರಣಿಗೆ ಬಂದ ಗಾಂಧೀಜಿ



ಹತ್ತಿ ಬಿಡಿಸುವ ಕಾಲಕ್ಕೆ ನಮ್ಮ ಹಾಲಹರವಿಯಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು: ಆದೋನಿ ಯಾರ್ಡಿನಲ್ಲಿ ಇವತ್ತು ಕ್ವಿಂಟಾಲಿಗೆ ಎಷ್ಟು? ಆ ದರವನ್ನು ಆದೋನಿಯ ಸಾಹುಕಾರರೇ ಗೊತ್ತುಮಾಡುತ್ತಾರೆ ಎಂದುಕೊಳ್ಳುತ್ತೇವೆ. ಅದು ಪೂರ್ತಿ ನಿಜವಲ್ಲ. 2025ರ ಆಗಸ್ಟ್‌ನಲ್ಲಿ ಅಮೆರಿಕ ನಮ್ಮ ದೇಶದ ಬಹಳಷ್ಟು ಸರಕಿನ ಮೇಲೆ ಶೇ. 50 ಸುಂಕ ಹಾಕಿತು. ಅದೇ ತಿಂಗಳು ಕೇಂದ್ರ ಸರ್ಕಾರ ಹೊರದೇಶದ ಹತ್ತಿಯ ಮೇಲಿದ್ದ ಶೇ. 11ರ ಆಮದು ಸುಂಕವನ್ನು ತಾತ್ಕಾಲಿಕವಾಗಿ ತೆಗೆಯಿತು.

ಇಂಥದ್ದು ನಮ್ಮ ಸೀಮೆಗೆ ಹೊಸದಲ್ಲ. 1800ರಲ್ಲಿ ನಿಜಾಮರು ಈ ನಾಡನ್ನು ಕಂಪನಿಗೆ ಬಿಟ್ಟುಕೊಟ್ಟ ಮೇಲೆ ನಾವೂ ಲಂಕಾಷೈರಿನ ಗಿರಣಿಗಳೂ ಒಂದೇ ನೂಲಿನ ಎರಡು ತುದಿಗಳಾದೆವು. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ಅಲ್ಲಿನ ಹತ್ತಿ ನಿಂತಿತು. ಲಂಕಾಷೈರಿನ ಕೂಲಿಗಳು ಹಸಿದರು. ಬಳ್ಳಾರಿ ಕಡೆಯ ಹತ್ತಿಗೆ ಚಿನ್ನದ ಬೆಲೆ ಬಂತು. ಯುದ್ಧ ಮುಗಿಯಿತು, ಬೆಲೆಯೂ ಬಿತ್ತು. 1896ರಲ್ಲಿ ಸರ್ಕಾರ ಲಂಕಾಷೈರಿನ ಮಾಲೀಕರ ಒತ್ತಾಯಕ್ಕೆ ಮಣಿದು, ಭಾರತದ ಗಿರಣಿಬಟ್ಟೆಯ ಮೇಲೂ ಶೇ. 3.5 ತೆರಿಗೆ ಹಾಕಿತು. ಅದು ಹೋಗಿದ್ದು 1926ರಲ್ಲಿ.

ಆಮೇಲೆ ಪೆಟ್ಟು ಆ ಕಡೆಗೆ ಬಿತ್ತು. 1913ರಲ್ಲಿ ಸುಮಾರು 300 ಕೋಟಿ ಗಜ ಬಟ್ಟೆ ಬ್ರಿಟನ್ನಿನಿಂದ ಭಾರತಕ್ಕೆ ಬರುತ್ತಿತ್ತು. 1931ರ ಹೊತ್ತಿಗೆ ಅದರಲ್ಲಿ ಸಣ್ಣ ಪಾಲು ಮಾತ್ರ ಉಳಿದಿತ್ತು. ಜಪಾನಿನ ಪೈಪೋಟಿ, ಜಗತ್ತಿನ ಆರ್ಥಿಕ ಕುಸಿತ ಎಲ್ಲವೂ ಸೇರಿತ್ತು. ಆದರೆ ಅಲ್ಲಿನ ಕೂಲಿಗಳ ಕಣ್ಣಿಗೆ ಕಾಣುತ್ತಿದ್ದದ್ದು ಗಾಂಧೀಜಿಯ ಬಹಿಷ್ಕಾರ.

ದುಂಡುಮೇಜಿನ ಪರಿಷತ್ತಿಗೆ ಲಂಡನ್ನಿಗೆ ಹೋಗಿದ್ದ ಗಾಂಧೀಜಿ ಅವರನ್ನು ತಪ್ಪಿಸಿಕೊಂಡು ಬರಲಿಲ್ಲ. ಡಾರ್ವೆನ್‌ನಲ್ಲಿ ಗಿರಣಿ ನಡೆಸುತ್ತಿದ್ದ ಒಂದು ಕ್ವೇಕರ್ ಕ್ರೈಸ್ತ ಕುಟುಂಬ ಅವರನ್ನು ಕರೆದಿತ್ತು: ಬನ್ನಿ, ನಮ್ಮ ಜನರ ಪಾಡು ನೋಡಿ. 1931ರ ಸೆಪ್ಟೆಂಬರ್ ಕೊನೆಗೆ ಹೋದರು. ಜೊತೆಯಲ್ಲಿ ನಮ್ಮವರೇ ಆದ ದೀನಬಂಧು ಸಿ. ಎಫ್. ಆಂಡ್ರೂಸ್ ಇದ್ದರು. ಗಿರಣಿಯ ಹೆಣ್ಣುಮಕ್ಕಳು ಅವರನ್ನು ಸುತ್ತುವರಿದು ಜಯಕಾರ ಹಾಕಿದ ಫೋಟೋ ಇಂದಿಗೂ ಪ್ರಸಿದ್ಧ. ಕಲ್ಲು ಬೀಳಬಹುದೆಂದು ಹೆದರಿದವರೂ ಇದ್ದಿರಬೇಕು!

ಗಾಂಧೀಜಿ ಅವರ ಕಷ್ಟ ಕೇಳಿದರು, ಮರುಗಿದರು. ಬಹಿಷ್ಕಾರ ಮಾತ್ರ ಬಿಡಲಿಲ್ಲ. ನಿಮ್ಮಲ್ಲಿ 30 ಲಕ್ಷ ಜನಕ್ಕೆ ಕೆಲಸವಿಲ್ಲ, ನಮ್ಮಲ್ಲಿ ಸುಮಾರು 30 ಕೋಟಿ ಜನಕ್ಕೆ ವರ್ಷದಲ್ಲಿ ಅರ್ಧ ಕಾಲ ಕೆಲಸವಿಲ್ಲ ಎಂದು ನೇರವಾಗಿಯೇ ಹೇಳಿದರು. ನಾನೂ ಕೆಲಸ ಕಳೆದುಕೊಂಡವನೇ, ಆದರೆ ಇಂಡಿಯಾದಲ್ಲಿದ್ದಿದ್ದರೆ ಗಾಂಧಿಯ ಮಾತನ್ನೇ ಆಡುತ್ತಿದ್ದೆ ಅಂದನಂತೆ ಒಬ್ಬ ಕಾರ್ಮಿಕ.

ಈಗ ನಮ್ಮ ಮಾತಿಗೆ ಬರೋಣ. ಹತ್ತಿಯ ಸುಂಕ ತೆಗೆದದ್ದು ರೈತರಾದ ನಮಗೆ ನೋವು. ಅಮೆರಿಕಕ್ಕೆ ಬನಿಯನ್, ಟೀ ಶರ್ಟ್ ಹೊಲಿದು ಕಳಿಸುವ ತಿರುಪ್ಪೂರಿನವರಿಗೆ ಅದೇ ಉಸಿರು. ಅಲ್ಲಿ ಹೊಲಿಯುವವರೂ ನಮ್ಮಂಥ ಬಡ ಮನೆಗಳ ಹೆಣ್ಣುಮಕ್ಕಳೇ. ವೇಲಾಂಕಣಿ ಯಾತ್ರೆಗೆ ತಮಿಳುನಾಡಿಗೆ ಹೇಗೂ ಹೋಗುತ್ತೇವೆ. ಈ ಸಲ ತಿರುಪ್ಪೂರಿನಲ್ಲಿ ಒಂದು ದಿನ ಇಳಿದುಕೊಂಡರೆ ಹೇಗೆ? ಭಾನುವಾರ ಪೂಜೆಯಾದ ಮೇಲೆ ಗುರುಗಳನ್ನು ಕೇಳೋಣ.