ಬೇವಾರ್ಸಿ ಯಾರು?

ಬೀದಿ ಜಗಳದಲ್ಲಿ ‘ಬೇವಾರ್ಸಿ’ ಅಂದರೆ ಮಾತು ಮುಗಿದು ಕೈ ಮುಂದಾಗುತ್ತದೆ. ಅಷ್ಟು ಕೆಟ್ಟ ಬೈಗುಳ. ಹುಟ್ಟಿದ್ದು ಮಾತ್ರ ಬೈಗುಳವಾಗಿ ಅಲ್ಲ. ಅರಬ್ಬಿಯ ‘ವಾರಿಸ್’ಗೆ ಪಾರಸಿಯ ‘ಬೇ’ ಸೇರಿದರೆ ವಾರಸುದಾರರಿಲ್ಲದ್ದು ಎಂದಷ್ಟೇ ಅರ್ಥ. ಹೊಲಮನೆಗೆ ಸಲ್ಲಬೇಕಾದ ಮಾತನ್ನು ಮನುಷ್ಯರ ಮೇಲೆ ಎಸೆದವರು ನಾವು. ಪೊಲೀಸ್ ಪ್ರಕಟಣೆಗಳಲ್ಲಿ ಇವತ್ತಿಗೂ ‘ವಾರಸುದಾರರಿಲ್ಲದ ವಾಹನ’, ‘ವಾರಸುದಾರರಿಲ್ಲದ ಶವ’ ಎಂದು ಎರಡಕ್ಕೂ ಒಂದೇ ಮಾತು.

ವಾರಸುದಾರರಿಲ್ಲದ್ದು ಸರ್ಕಾರದ್ದು ಎಂಬ ತರ್ಕ ಸಂಸ್ಥಾನಗಳನ್ನೇ ನುಂಗಿದೆ. 1824ರಲ್ಲಿ ಕಿತ್ತೂರಿನ ಶಿವಲಿಂಗರುದ್ರ ಸರ್ಜ ಮಕ್ಕಳಿಲ್ಲದೆ ತೀರಿಕೊಂಡಾಗ ಧಾರವಾಡದ ಕಲೆಕ್ಟರ್ ಥ್ಯಾಕರೆ ದತ್ತಕವನ್ನು ಒಪ್ಪಲಿಲ್ಲ. ರಾಣಿ ಚೆನ್ನಮ್ಮ ಯುದ್ಧಕ್ಕೆ ನಿಂತಳು. 1858ರ ನರಗುಂದದ ಬಂಡಾಯದ ಬೇರಿನಲ್ಲೂ ಅಲ್ಲಿನ ಅರಸ ಬಾಬಾಸಾಹೇಬನಿಗೆ ನಿರಾಕರಿಸಿದ ದತ್ತಕವಿದೆ. ಆಳಿದವರಿಗೆ ಚರಿತ್ರೆಯಲ್ಲಾದರೂ ಜಾಗ ಸಿಕ್ಕಿತು. ನಮ್ಮ ಮನೆಗಳಲ್ಲಿ ಮದುವೆಯಾಗದೆ ಉಳಿದ ದೊಡ್ಡಪ್ಪಂದಿರಿಗೆ, ಸೋದರತ್ತೆಯರಿಗೆ?

ಸತ್ತವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವ ಪೌತಿ ಖಾತೆಗೆಂದು ನಾಡಕಚೇರಿಯಿಂದ ತರುವ ವಂಶವೃಕ್ಷದ ಹಾಳೆ ನೋಡಿ. ಆಸ್ತಿ ಇಳಿಯುವ ದಾರಿ ತೋರಿಸುವುದಷ್ಟೇ ಅದರ ಕೆಲಸ. ಅಪ್ಪ, ಅವನ ಕೆಳಗೆ ಮಕ್ಕಳು, ಅವರ ಕೆಳಗೆ ಮೊಮ್ಮಕ್ಕಳು. ಮಕ್ಕಳಿಲ್ಲದವರ ಹೆಸರು ಬಂದರೂ ಗೆರೆ ಅಲ್ಲಿಗೇ ನಿಲ್ಲುತ್ತದೆ. ಮುಂದಿನವರು ಹೊಸದಾಗಿ ಬರೆಸುವಾಗ ಹೆಸರೂ ಬಿದ್ದುಹೋಗುವುದುಂಟು. ಹಿರಿಯರ ಬಾಯಿಲೆಕ್ಕವೂ ಹೀಗೇ. ‘ನಾವು ಮೂವರು ಅಣ್ಣತಮ್ಮಂದಿರು’ ಅಂದವರನ್ನು ಒತ್ತಿ ಕೇಳಿದರೆ, ‘ಇನ್ನೊಬ್ಬ ಇದ್ದ, ಮದುವೆ ಆಗಲಿಲ್ಲ’ ಅನ್ನುತ್ತಾರೆ.

ಮನೆತನದ ಬೇರು ಹುಡುಕುವವರಿಗೆ ಬಹಳ ಬೇಕಾದವರು ಈ ‘ಇನ್ನೊಬ್ಬ’ರೇ. ಬೇರಿನ ಸುಳಿವು ಅಡ್ಡಹೆಸರಿನಲ್ಲಿರುತ್ತದೆ. ಉತ್ತರ ಕರ್ನಾಟಕದ ಅಡ್ಡಹೆಸರುಗಳಲ್ಲಿ ಗೋಕಾಕ, ಕಲಬುರ್ಗಿ ಊರು ಹೇಳುತ್ತವೆ. ಬಡಿಗೇರ, ಕಮ್ಮಾರ ಕಸುಬು ಹೇಳುತ್ತವೆ. ಇನಾಂದಾರ, ಜಹಗೀರದಾರ ಎಂದೋ ಪಡೆದ ಭೂಮಿಯನ್ನು ಹೇಳುತ್ತವೆ. ವಾರಸುದಾರನ ಬಾಲದಲ್ಲಿರುವ ‘ದಾರ’ವೇ ಇವುಗಳಲ್ಲೂ ಇರುವುದು. ಮದುವೆಯಾದ ಮಗಳ ಅಡ್ಡಹೆಸರು ಸಾಮಾನ್ಯವಾಗಿ ಗಂಡನ ಮನೆಯದಾಗುತ್ತದೆ, ದತ್ತಕ ಹೋದ ಮಗನದು ಹೋದ ಮನೆಯದು. ಮದುವೆಯಾಗದ ಸೋದರತ್ತೆ ಮಾತ್ರ ತವರಿನ ಹೆಸರನ್ನು ಕೊನೆತನಕ ಉಳಿಸಿಕೊಂಡಿರುತ್ತಾಳೆ. ಟೀಚರಾಗಿದ್ದರೆ ಸೇವಾ ಪುಸ್ತಕದಲ್ಲಿ, ಇಲ್ಲವಾದರೆ ಸೋದರಸೊಸೆಯ ಮದುವೆಗೆ ಕೊಟ್ಟ ಹಿತ್ತಾಳೆ ಕೊಡದ ಅಂಚಿನಲ್ಲಿ ಕೊರೆಸಿದ ಅಕ್ಷರಗಳಲ್ಲಿ ಅದು ಸಿಕ್ಕೀತು. ಇಡೀ ಮನೆತನ ಮರೆತ ಊರಿನ ಹೆಸರು ಅಲ್ಲಿರಬಹುದು.

ಯಾರು ಬೇವಾರ್ಸಿ ಅನ್ನುವುದು ಸೀಮೆಯಿಂದ ಸೀಮೆಗೆ ಬೇರೆಯಾಗುತ್ತದೆ. ತುಳುನಾಡಿನ ಅಳಿಯಸಂತಾನ ಪದ್ಧತಿಯಲ್ಲಿ ಸಾಲು ನಡೆಯುವುದು ಅಕ್ಕತಂಗಿಯರ ಮಕ್ಕಳಿಂದ. ಸೋದರಮಾವ ಮದುವೆಯಾದರೂ ಅಷ್ಟೇ, ಆಗದಿದ್ದರೂ ಅಷ್ಟೇ. ಘಟ್ಟದ ಮೇಲೆ ಯಾರ ಹೆಸರಿಗೆ ಗೆರೆ ನಿಲ್ಲುತ್ತಿತ್ತೋ, ಘಟ್ಟದ ಕೆಳಗೆ ಅವನು ಕುಟುಂಬದ ಯಜಮಾನನಾಗಬಹುದಿತ್ತು.

1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯೂ ಯಾರನ್ನೂ ಬೇಗ ಕೈಬಿಡುವುದಿಲ್ಲ. ಮದುವೆಯಾಗದ ಗಂಡಸು ಉಯಿಲು ಬರೆಯದೆ ಸತ್ತರೆ ತಾಯಿ, ತಂದೆ, ಒಡಹುಟ್ಟಿದವರು, ಅವರ ಮಕ್ಕಳು, ಆಮೇಲೆ ಎಷ್ಟೇ ದೂರದ ದಾಯಾದಿ, ಬಂಧು ಎಂದು ಹುಡುಕುತ್ತ ಹೋಗುತ್ತದೆ. ಒಬ್ಬರೂ ಇಲ್ಲದಿದ್ದರೆ ಮಾತ್ರ ಆಸ್ತಿ ಸರ್ಕಾರಕ್ಕೆ. ಆಸ್ತಿಗಾಗಿ ಇಷ್ಟು ಹುಡುಕಾಟವಿರುವಾಗ, ಒಂದೇ ಒಲೆಯ ಅನ್ನ ಉಂಡವರನ್ನು ನಾವು ಎರಡೇ ತಲೆಮಾರಿಗೆ ಮರೆಯುವುದು ನನ್ನನ್ನು ಬಹಳ ನೋಯಿಸುತ್ತದೆ.

ಪಿತೃಪಕ್ಷದ ತರ್ಪಣದ ಕೊನೆಗೆ, ಬಟ್ಟೆ ಹಿಂಡಿದ ನೀರನ್ನು ಕುಲದಲ್ಲಿ ಮಕ್ಕಳಿಲ್ಲದೆ ಸತ್ತವರಿಗೆಂದು ಬಿಡುವ ಪದ್ಧತಿಯಿದೆ. ಅವರನ್ನು ನೆನೆದರಲ್ಲ ಎಂದು ಸಮಾಧಾನವಾಗುತ್ತದೆ. ಆದರೆ ಅದು ಹೆಸರಿಲ್ಲದ ನೆನಪು. ಮಹಾಲಯ ಅಮಾವಾಸ್ಯೆಗೆ ಮನೆಮಂದಿ ಸೇರಿದಾಗ, ಮದುವೆಯಾಗದೆ ಉಳಿದವರು ಯಾರಿದ್ದರು, ಏನು ಕೆಲಸ ಮಾಡುತ್ತಿದ್ದರು, ಯಾರನ್ನು ಓದಿಸಿದರು ಎಂದು ಹಿರಿಯರನ್ನು ಕೇಳಿ. ಹೆಸರು ಸಿಕ್ಕರೆ ವಂಶವೃಕ್ಷದಲ್ಲಿ ಸೇರಿಸಿ. ಅವರು ಓದಿಸಿದವರ ಹೆಸರನ್ನು ಅದರ ಕೆಳಗೆ, ಗೆರೆ ಎಳೆದು ಬರೆಯಿರಿ.