ಅಸಮ ಅಭಿವೃದ್ಧಿ: ಮೇಲುಕೋಟೆ ಸೀಮೆಯ ಚರಿತ್ರೆ

ಒಂದೇ ಆಡಳಿತಕ್ಕೆ ಸೇರಿದ ಪ್ರದೇಶಗಳು ಆದಾಯ, ನೀರಾವರಿ, ಶಿಕ್ಷಣ, ಆರೋಗ್ಯಗಳಲ್ಲಿ ಬೇರೆ ಬೇರೆ ಮಟ್ಟದಲ್ಲಿ ಉಳಿಯುವುದೇ ಅಸಮ ಅಭಿವೃದ್ಧಿ. ಶ್ರೀಮಂತ ದೇಶ, ಬಡ ದೇಶಗಳ ನಡುವಿನ ಈ ಅಂತರ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ತಾಲ್ಲೂಕುಗಳೊಳಗೂ ಕಾಣುತ್ತದೆ. ಇಲ್ಲಿ ಅದನ್ನು ಹಿಗ್ಗಿಸಿದ್ದು ನೆಲದ ಗುಣಕ್ಕಿಂತ ಹೆಚ್ಚಾಗಿ, ನೀರನ್ನು ಎತ್ತ ತಿರುಗಿಸಬೇಕು, ರಸ್ತೆಯನ್ನು ಎಲ್ಲಿ ಹಾಯಿಸಬೇಕು ಎಂಬ ತೀರ್ಮಾನಗಳು.

ಹೊಯ್ಸಳರ ಕಾಲದಲ್ಲಿ ಈ ಸೀಮೆಯ ಒಣ ಭಾಗ ಮೂಲೆಗುಂಪಾಗಿರಲಿಲ್ಲ. ನಾಗಮಂಗಲದ ಸೌಮ್ಯಕೇಶವ, ಹೊಸಹೊಳಲಿನ ಲಕ್ಷ್ಮೀನಾರಾಯಣ ಗುಡಿಗಳು, ತೊಣ್ಣೂರಿನ ದೊಡ್ಡ ಕೆರೆ, ರಾಮಾನುಜಾಚಾರ್ಯರಿಂದ ಹೆಸರಾದ ಮೇಲುಕೋಟೆ ಇದಕ್ಕೆ ಸಾಕ್ಷಿ. ಚಿತ್ರ ಬದಲಾದದ್ದು ಕನ್ನಂಬಾಡಿ ಕಟ್ಟೆಯಿಂದ. 1911ರಲ್ಲಿ ಕೆಲಸ ಆರಂಭವಾದ ಆ ಅಣೆಕಟ್ಟೆಯಿಂದ ಹೊರಟ ಇರ್ವಿನ್ ನಾಲೆ, ಅಂದರೆ ಈಗಿನ ವಿ.ಸಿ. ನಾಲೆ, ಹುಲಿಕೆರೆಯ ಸುರಂಗ ದಾಟಿ ಮಂಡ್ಯ, ಮದ್ದೂರಿನ ಕಡೆಗೆ ಹರಿಯಿತು. ನಾಲೆಯ ಬಯಲಿಗೆ ಕಬ್ಬು, ಭತ್ತ ಬಂದವು; 1933ರಲ್ಲಿ ಮಂಡ್ಯಕ್ಕೆ ಸಕ್ಕರೆ ಕಂಪನಿ ಬಂತು; ಊರೂರಲ್ಲಿ ಆಲೆಮನೆಯ ಹೊಗೆ ಎದ್ದಿತು. ನಾಗಮಂಗಲ ಮತ್ತು ಮೇಲುಕೋಟೆಯ ಸುತ್ತಿನ ಎತ್ತರದ ಹೊಲಗಳು ಮಾತ್ರ ಮಳೆ ನಂಬಿ ರಾಗಿ, ಹುರುಳಿ ಬೆಳೆಯುತ್ತ ಉಳಿದವು. ನೀರು ಇಳಿಜಾರಿಗೆ ಹರಿಯುತ್ತದೆ, ಇದರಲ್ಲಿ ಯಾರ ತಪ್ಪೂ ಇಲ್ಲ ಎಂದು ಆಕ್ಷೇಪಿಸಬಹುದು. ನಾಲೆಯ ದಿಕ್ಕನ್ನು ಇಳಿಜಾರು ನಿರ್ಧರಿಸಿತು, ನಿಜ. ಆದರೆ ಹೊಸದಾಗಿ ಎಷ್ಟು ಭೂಮಿಗೆ ನೀರು ಎಂಬುದನ್ನು ನಿರ್ಧರಿಸಿದ್ದು 1924ರ ಮೈಸೂರು–ಮದರಾಸು ಒಪ್ಪಂದ. ಅದು ಕಟ್ಟೆಯ ಕೆಳಗೆ 1.25 ಲಕ್ಷ ಎಕರೆಯ ಮಿತಿ ಹಾಕಿತು. ಮುಂದೆ ಗೊರೂರಿನಿಂದ ಹೇಮಾವತಿ ನಾಲೆಗಳು ಕೆ.ಆರ್. ಪೇಟೆ, ನಾಗಮಂಗಲದತ್ತ ಬಂದವು. ಎತ್ತರದ ನೆಲಕ್ಕೂ ನೀರು ಕೊಡಲು ಸಾಧ್ಯವಿತ್ತು ಎಂಬುದಕ್ಕೆ ಬೇರೆ ಪುರಾವೆ ಬೇಕಿಲ್ಲ. ಅಷ್ಟರಲ್ಲಿ ತಲೆಮಾರುಗಳೇ ಕಳೆದಿದ್ದವು.

ಅಂತರವನ್ನು ಅಳೆಯುವ ಕ್ರಮವೂ ತಡವಾಗಿ ಬೆಳೆಯಿತು. ತಲಾ ಆದಾಯವೊಂದೇ ಸಾಲದೆಂದು ವಿಶ್ವಸಂಸ್ಥೆ 1990ರಲ್ಲಿ ಆಯುಸ್ಸು, ಶಿಕ್ಷಣಗಳನ್ನೂ ಸೇರಿಸಿ ಮಾನವ ಅಭಿವೃದ್ಧಿ ಸೂಚ್ಯಂಕ ಪ್ರಕಟಿಸಿತು. ಕರ್ನಾಟಕದಲ್ಲಿ ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ 35 ಸೂಚಕಗಳನ್ನಿಟ್ಟು 175 ತಾಲ್ಲೂಕುಗಳನ್ನು ಅಳೆದು, 114 ತಾಲ್ಲೂಕುಗಳು ಹಿಂದುಳಿದಿವೆ ಎಂದಿತು. ಜಿಲ್ಲೆಯ ಬದಲು ತಾಲ್ಲೂಕನ್ನು ಅಳೆದದ್ದು ಆ ಸಮಿತಿಯ ದೊಡ್ಡ ಕೊಡುಗೆ. ಆದರೂ ವಿ.ಸಿ. ನಾಲೆಯ ಗದ್ದೆಗಳೂ ಮೇಲುಕೋಟೆಯ ಕಲ್ಲುಗುಡ್ಡಗಳೂ ಒಂದೇ ಪಾಂಡವಪುರ ತಾಲ್ಲೂಕಿಗೆ ಸೇರಿವೆ. ಇಂಥ ಕಡೆ ಸರಾಸರಿ ಅಂಕಿ ಬಡತನವನ್ನು ಮರೆಮಾಚುತ್ತದೆ.

ಈ ಕೊರತೆಯನ್ನು ಪ್ರವಾಸೋದ್ಯಮ ನೀಗಿಸುತ್ತದೆ ಎಂಬ ಭರವಸೆಯನ್ನೂ ಪರೀಕ್ಷಿಸಬೇಕು. ದರಿಯಾ ದೌಲತ್, ರಂಗನತಿಟ್ಟು, ಬೃಂದಾವನಗಳಿಗೆ ಜನ ಬರುವುದು ಅವು ಬೆಂಗಳೂರು–ಮೈಸೂರು ದಾರಿಗೆ ಹತ್ತಿರವಿರುವುದರಿಂದಲೂ ಹೌದು. ಶಿಲ್ಪದಲ್ಲಿ ಯಾವುದಕ್ಕೂ ಕಡಿಮೆಯಿಲ್ಲದ ಹೊಸಹೊಳಲಿಗೆ ಆ ಪಾಲು ಸಿಗುವುದಿಲ್ಲ. 2023ರಲ್ಲಿ ಬೆಂಗಳೂರು–ಮೈಸೂರು ಹೆದ್ದಾರಿ ಊರುಗಳಾಚೆಗೆ ಸರಿದಾಗ ಹಳೆ ರಸ್ತೆಯ ಹೋಟೆಲು, ಅಂಗಡಿಗಳಿಗೆ ಪೆಟ್ಟು ಬಿತ್ತು. ವೈರಮುಡಿ ಉತ್ಸವಕ್ಕೆ ಮಂಡ್ಯದ ಖಜಾನೆಯಿಂದ ಕಿರೀಟ ಬರುವ ರಾತ್ರಿ ಮೇಲುಕೋಟೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಹೂವು, ಪುಳಿಯೋಗರೆ ಮಾರುವವರಿಗೆ ಅದು ದುಡಿಮೆಯೇ ಸರಿ, ಅದನ್ನು ಹಗುರವಾಗಿ ಕಾಣಬಾರದು. ಆದರೆ ಜಾತ್ರೆಯ ಗಳಿಕೆ ವರ್ಷವಿಡೀ ಸಂಸಾರ ಸಾಗಿಸುವುದಿಲ್ಲ, ಸುತ್ತಲ ಹಳ್ಳಿಗಳ ಹೊಲಕ್ಕಂತೂ ತಲುಪುವುದೇ ಇಲ್ಲ. ಬಂದುಹೋದ ಪ್ರವಾಸಿಗರ ಸಂಖ್ಯೆಯನ್ನು ಅಭಿವೃದ್ಧಿಯ ಅಳತೆಯೆಂದು ಒಪ್ಪುವಂತಿಲ್ಲ; ಈ ಸೀಮೆಗೆ ಮೊದಲು ಬೇಕಾದದ್ದು ಹೋಬಳಿವಾರು ಲೆಕ್ಕ, ಆಮೇಲೆ ಕೆರೆಗಳಿಗೆ ನೀರು.