ಕ್ವಿಬೆಕ್ ವಿದ್ಯಾರ್ಥಿ ಮುಷ್ಕರಗಳು

ಕೆನಡಾದ ಫ್ರೆಂಚ್ ಭಾಷಿಕ ಪ್ರಾಂತ್ಯವಾದ ಕ್ವಿಬೆಕ್‌ನಲ್ಲಿ ಶುಲ್ಕ ಏರಿಕೆ, ವಿದ್ಯಾರ್ಥಿವೇತನದ ಕಡಿತ ಹಾಗೂ ಕಲ್ಯಾಣ ವೆಚ್ಚದ ಕಡಿತಗಳನ್ನು ವಿರೋಧಿಸಿ 1968ರಿಂದೀಚೆಗೆ ವಿದ್ಯಾರ್ಥಿಗಳು ತರಗತಿ ಬಿಟ್ಟು ನಡೆಸಿದ ಹೋರಾಟಗಳು. 2012ರ ಮುಷ್ಕರ ಲೋಕಪ್ರಸಿದ್ಧವಾದದ್ದರಿಂದ ಹೆಚ್ಚಿನ ಬರಹಗಳು ಅಲ್ಲಿಂದಲೇ ಶುರುವಾಗುತ್ತವೆ. ಚಳವಳಿಗೆ ಅದರ ಲಾಂಛನ ದೊರೆತ 2004–05ರ ಘಟ್ಟ ಹೀಗಾಗಿ ಮಸುಕಾಗಿದೆ.

1960ರ ದಶಕದಲ್ಲಿ ಪ್ರಾಂತ್ಯ ಸರ್ಕಾರ ಶಿಕ್ಷಣವನ್ನು ಚರ್ಚಿನ ಹಿಡಿತದಿಂದ ಬಿಡಿಸಿಕೊಂಡಿತು. 1967ರಲ್ಲಿ ಸೆಜೆಪ್ ಎಂಬ, ಬೋಧನಾ ಶುಲ್ಕವಿಲ್ಲದ ಕಾಲೇಜುಗಳು ಆರಂಭವಾದವು. ಮರುವರ್ಷದ ಅಕ್ಟೋಬರ್‌ನಲ್ಲೇ ವಿದ್ಯಾರ್ಥಿಗಳು ಅವುಗಳಲ್ಲಿ ಹಲವನ್ನು ಆಕ್ರಮಿಸಿ ಕುಳಿತರು. ವಿಶ್ವವಿದ್ಯಾಲಯದ ಶುಲ್ಕ ವರ್ಷಕ್ಕೆ ಸುಮಾರು 540 ಡಾಲರಿನಲ್ಲಿ 1990ರವರೆಗೂ ನಿಂತಿತ್ತು. ಆ ವರ್ಷದ ಮುಷ್ಕರ ಸೋತು, 1994ರ ವೇಳೆಗೆ ಶುಲ್ಕ 1,668 ಡಾಲರಿಗೆ ಏರಿತು. 1996ರ ಮುಷ್ಕರ ಮುಂದಿನ ಏರಿಕೆಯನ್ನು ತಡೆಯಿತು.

ಅಂಗಿಗೆ ಪಿನ್ನು ಚುಚ್ಚಿ ಧರಿಸುವ ಕೆಂಪು ಬಟ್ಟೆಯ ಚೌಕವನ್ನು 2012ರ ಕೊಡುಗೆಯೆಂದು ಹಲವರು ಬರೆದಿದ್ದಾರೆ. ಅದು ಮೊದಲು ಕಂಡದ್ದು ವಿದ್ಯಾರ್ಥಿಗಳ ಅಂಗಿಯ ಮೇಲಲ್ಲ. 2004ರಲ್ಲಿ ಝಾನ್ ಶಾರೆ ಅವರ ಲಿಬರಲ್ ಸರ್ಕಾರ ಬಡವರ ಸಹಾಯಧನದ ಕಾನೂನನ್ನು ಬದಲಿಸುವ 57ನೆಯ ಮಸೂದೆಯನ್ನು ತಂದಾಗ, ಬಡತನ ವಿರೋಧಿ ಸಂಘಟನೆಗಳ ಒಕ್ಕೂಟ ಅದನ್ನು ಧರಿಸಿ ಪ್ರತಿಭಟಿಸಿತು. ಅದೇ ಸರ್ಕಾರ ವಿದ್ಯಾರ್ಥಿವೇತನದಿಂದ ವರ್ಷಕ್ಕೆ 10.3 ಕೋಟಿ ಡಾಲರ್ ಕಡಿದು ಸಾಲವಾಗಿ ಮಾರ್ಪಡಿಸಿತ್ತು. 2005ರ ಫೆಬ್ರವರಿಯಲ್ಲಿ ಮುಷ್ಕರ ಹೂಡಿದವರು ಚೌಕವನ್ನು ತಮ್ಮದಾಗಿಸಿಕೊಂಡರು. ಸಾಲದಲ್ಲಿ ಮುಳುಗಿದ್ದೇವೆ ಎಂಬುದು ಅವರು ಅದಕ್ಕೆ ಕೊಟ್ಟ ಅರ್ಥ. ಎರಡು ಕಡಿತಗಳನ್ನೂ ಒಟ್ಟಿಗೆ ನೋಡದೆ ಈ ಚಳವಳಿಯನ್ನು ಬರೀ ಶುಲ್ಕದ ಜಗಳವೆನ್ನುವುದು ಅರ್ಧ ಸತ್ಯ.

ಈ ಮುಷ್ಕರದ ಕೊನೆಗೆ ಸರ್ಕಾರದೊಡನೆ ಆದ 2005ರ ಏಪ್ರಿಲ್ ಒಪ್ಪಂದವನ್ನು ಪೂರ್ಣ ಗೆಲುವೆಂದು ದಾಖಲಿಸುವುದೂ ಸರಿಯಲ್ಲ. ಮೊದಲ ವರ್ಷಕ್ಕೆ ದೊರೆತದ್ದು 7 ಕೋಟಿ. ಅದರ ಮುಂದಿನ ನಾಲ್ಕು ವರ್ಷಗಳಿಗೆ ಮಾತ್ರ ತಲಾ 10.3 ಕೋಟಿ. ಕಡಿತ ಜಾರಿಯಾದ 2004–05ರ ಹಣ ಹಿಂತಿರುಗಲೇ ಇಲ್ಲ. ಮುಷ್ಕರವನ್ನು ಮೊದಲು ಆರಂಭಿಸಿದ ಎಡಪಂಥೀಯ ಒಕ್ಕೂಟವನ್ನು ಮಾತುಕತೆಯಿಂದ ಹೊರಗಿಡಲಾಗಿತ್ತು. ಈ ಕಹಿ ಮುಂದಿನ ಮುಷ್ಕರದಲ್ಲಿ ಕೆಲಸ ಮಾಡಿತು: 2012ರಲ್ಲಿ ಮೂರು ಮುಖ್ಯ ಒಕ್ಕೂಟಗಳು ಒಂದನ್ನು ಬಿಟ್ಟು ಇನ್ನೊಂದು ಸರ್ಕಾರದೊಡನೆ ಕೂರಬಾರದೆಂದು ಎಚ್ಚರ ವಹಿಸಿದವು.

2012ರದ್ದು ಸುಪರಿಚಿತ ಕಥೆ. ಐದು ವರ್ಷಗಳಲ್ಲಿ ಶುಲ್ಕವನ್ನು 2,168ರಿಂದ 3,793 ಡಾಲರಿಗೆ ಏರಿಸುವ ಯೋಜನೆಗೆ ಎದುರಾಗಿ ಫೆಬ್ರವರಿ 13ರಂದು ಮುಷ್ಕರ ಆರಂಭವಾಯಿತು. ಮಾರ್ಚ್ 22ರ ಮಾಂಟ್ರಿಯಲ್ ಮೆರವಣಿಗೆಯ ಹೊತ್ತಿಗೆ ಸುಮಾರು 3 ಲಕ್ಷ ವಿದ್ಯಾರ್ಥಿಗಳು ತರಗತಿಯ ಹೊರಗಿದ್ದರು. ಮೇ 14ರಂದು ಶಿಕ್ಷಣ ಸಚಿವೆ ಲೀನ್ ಬೋಶಾಂ ರಾಜೀನಾಮೆ ಕೊಟ್ಟರು. 18ರಂದು ಅಂಗೀಕಾರವಾದ 78ನೆಯ ಮಸೂದೆ, 50 ಅಥವಾ ಅದಕ್ಕಿಂತ ಹೆಚ್ಚು ಜನರ ಪ್ರದರ್ಶನಕ್ಕೆ ಎಂಟು ಗಂಟೆ ಮುಂಚಿತ ಸೂಚನೆಯನ್ನು ಕಡ್ಡಾಯ ಮಾಡಿತು. ಆಗ ವಿದ್ಯಾರ್ಥಿಗಳಲ್ಲದವರೂ ಸಂಜೆ ಪಾತ್ರೆ ಬಡಿಯುತ್ತ ಬೀದಿಗಿಳಿದರು. ಸೆಪ್ಟೆಂಬರ್ 4ರ ಚುನಾವಣೆಯಲ್ಲಿ ಶಾರೆ ಸೋತರು. ಪೋಲೀನ್ ಮಾರ್ವಾ ಸರ್ಕಾರ ಏರಿಕೆಯನ್ನು ರದ್ದುಮಾಡಿತಾದರೂ ಶುಲ್ಕವನ್ನು ಹಾಗೇ ನಿಲ್ಲಿಸಲಿಲ್ಲ. 2013ರ ಫೆಬ್ರವರಿಯಲ್ಲಿ ವರ್ಷಕ್ಕೆ ಸುಮಾರು ಶೇ. 3ರ ಏರಿಕೆಯನ್ನು ಗೊತ್ತುಮಾಡಿತು. ಇದನ್ನು ಬಿಟ್ಟು ಬರೀ ರದ್ದತಿಯನ್ನು ಹೇಳುವ ಗ್ರಂಥಗಳೂ ಇವೆ. ಮಿತವ್ಯಯ ನೀತಿಯ ವಿರುದ್ಧದ 2015ರ ಮುಷ್ಕರ ಇಷ್ಟು ಬಲ ಪಡೆಯಲಿಲ್ಲ.

ತೀರದೆ ಉಳಿದಿರುವುದು ಕಾನೂನಿನ ಪ್ರಶ್ನೆ. ಮುಷ್ಕರವನ್ನು ಆಯಾ ಕಾಲೇಜು ಅಥವಾ ವಿಭಾಗದ ವಿದ್ಯಾರ್ಥಿಗಳ ಮಹಾಸಭೆ ಬಹುಮತದಿಂದ ನಿರ್ಧರಿಸುತ್ತದೆ, ಬಳಿಕ ಮತ್ತೆ ಮತ್ತೆ ಸೇರಿ ಮುಂದುವರಿಸುತ್ತದೆ. ವಿದ್ಯಾರ್ಥಿಗಳು ನೌಕರರಲ್ಲವಾದ್ದರಿಂದ ಇದು ತರಗತಿ ಬಹಿಷ್ಕಾರವಷ್ಟೇ, ಒಳಹೋಗುವವರನ್ನು ತಡೆಯಲು ಹಕ್ಕಿಲ್ಲ ಎಂಬುದು ಶಾರೆ ಸರ್ಕಾರದ ವಾದ. ವಿದ್ಯಾರ್ಥಿ ಸಂಘಗಳಿಗೆ ಮಾನ್ಯತೆ ಕೊಟ್ಟ 1983ರ ಕಾನೂನಿನಲ್ಲಿ ಮುಷ್ಕರದ ಪ್ರಸ್ತಾಪವೇ ಇಲ್ಲ. ತಡೆಗೋಡೆಯಾಗಿ ನಿಂತು ಮುಷ್ಕರದ ಮತವನ್ನು ಕಾಯುವುದು ನ್ಯಾಯವೆಂದು ದೂರದರ್ಶನದಲ್ಲಿ ಹೇಳಿದ್ದಕ್ಕೆ ವಿದ್ಯಾರ್ಥಿ ವಕ್ತಾರ ಗೇಬ್ರಿಯಲ್ ನಾಡೋ-ದ್ಯುಬ್ವಾ ಅವರ ಮೇಲೆ ನ್ಯಾಯಾಂಗ ನಿಂದನೆಯ ಆರೋಪ ಬಂದು, ಕೆಳ ನ್ಯಾಯಾಲಯದಲ್ಲಿ ಶಿಕ್ಷೆಯೂ ಆಯಿತು. 2016ರ ಅಕ್ಟೋಬರ್‌ನಲ್ಲಿ ಕೆನಡಾದ ಸುಪ್ರೀಂ ಕೋರ್ಟು ಮೇಲ್ಮನವಿಯಲ್ಲಿ ದೊರೆತಿದ್ದ ಅವರ ಬಿಡುಗಡೆಯನ್ನು ಎತ್ತಿಹಿಡಿಯಿತು. ನಿಂದನೆ ಸಾಬೀತಾಗಿಲ್ಲ ಎಂಬುದಷ್ಟೇ ಅದರ ಆಧಾರ. ವಿದ್ಯಾರ್ಥಿಗಳಿಗೆ ಮುಷ್ಕರದ ಹಕ್ಕಿದೆಯೇ ಎಂಬುದನ್ನು ಆ ತೀರ್ಪು ಇತ್ಯರ್ಥಪಡಿಸಲಿಲ್ಲ.